ಓದದೆ ಬಿಟ್ಟ ಬೋರ್ಡು

ಅಕ್ಟೋಬರ್ ೬

ಅಣ್ಣ,

ಒಂದು ಮಾತನ್ನು ಬರೆಯದೆ ಬಿಡಬೇಕೆಂದಿದ್ದೆ. ಮೂರು ಹಾಳೆ ಹರಿದು ಹಾಕಿದ ಮೇಲೆ, ಅದನ್ನು ಬಿಟ್ಟರೆ ಬರೆಯಲು ಬೇರೇನೂ ಇಲ್ಲ ಎಂದು ಗೊತ್ತಾಯಿತು. ಆ ಬೋರ್ಡನ್ನು ನಾನು ನೋಡಿದ್ದೆ. ರಸ್ತೆ ಕವಲಾಗುವ ಮೊದಲೇ, ಇನ್ನೂ ನೂರು ಹೆಜ್ಜೆ ದೂರವಿರುವಾಗಲೇ ಓದಿದ್ದೆ. ಹಳದಿ ತಗಡು, ಕಪ್ಪು ಅಕ್ಷರ: ‘ಮುಂದೆ ಸೇತುವೆ ಇಲ್ಲ. ಬಲಕ್ಕೆ ತಿರುಗಿ.’ ಓದಿಯೂ ಸುಮ್ಮನಿದ್ದೆ.

ಇದನ್ನು ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನೋಡಿದೆ. ಫೋನಿನಲ್ಲಿ ನಿನ್ನದು ‘ಹ್ಞೂ’, ‘ಸರಿ’, ‘ಇಡ್ಲಾ’, ಇಷ್ಟೇ. ಬಸ್ಸು ಓಡಿಸುವ ಕಾಲದಲ್ಲಿ ತಂಗಿದ ಊರೂರಿನಿಂದ ಕಾಗದ ಹಾಕುತ್ತಿದ್ದವನು ನೀನು. ಅದಕ್ಕೇ ಕಾಗದ. ನನ್ನ ಕಾಗುಣಿತ ನೋಡಿ ನಗಬೇಡ.

ಯಾಕೆ ಸುಮ್ಮನಿದ್ದೆ ಎಂದು ಎಂಟು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಇಪ್ಪತ್ತಮೂರು ವರ್ಷ ನೀನು ಬಸ್ಸು ಓಡಿಸಿದ ಘಾಟಿ ರಸ್ತೆ, ಸುರಂಗ ಬಂದ ಮೇಲೆ ಯಾರೂ ತಿರುಗಿ ನೋಡದ ರಸ್ತೆ. ಆರು ದಿನ ನಿಧಾನವಾಗಿ ತೋರಿಸುತ್ತೇನೆ ಬಾ ಎಂದು ನೀನು ಕರೆದಾಗ ಕುಣಿದುಕೊಂಡು ಬಂದೆ. ಮೊದಲ ದಿನ ಎಷ್ಟು ಚೆನ್ನಾಗಿತ್ತು. ಬಂಡೆಯಿಂದ ನೀರು ರಸ್ತೆಗೇ ಸುರಿಯುವ ತಿರುವಿನಲ್ಲಿ ನೀನು ಗಾಜು ಇಳಿಸಿ ಕೈ ಚಾಚಿದೆ. ಕುರಿಮಂದೆ ಅಡ್ಡ ಬಂದಾಗ ನೀನು ಎಂಜಿನ್ ಆರಿಸಿ, ಕೊರಳ ಗಂಟೆ ಕೇಳಿಸಿಕೊಂಡೇ ‘ಇನ್ನೊಂದಿಪ್ಪತ್ತು ಇವೆ’ ಎಂದೆ. ನಾನು ಎಣಿಸಿದರೆ ಹತ್ತೊಂಬತ್ತಿದ್ದವು. ಬೋರ್ಡು ಬಂದಾಗೆಲ್ಲ ನೀನು ‘ಏನ್ ಬರ್ದಿದಾರೆ, ಓದೇ ಮೈಲಿಗಲ್ಲೇ’ ಎನ್ನುತ್ತಿದ್ದೆ. ಒಂಬತ್ತು ವರ್ಷದವಳಾಗಿದ್ದಾಗ ನಿನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮೈಲಿಗಲ್ಲನ್ನೆಲ್ಲ ಜೋರಾಗಿ ಓದುತ್ತಿದ್ದೆನಲ್ಲ, ಆ ಹೆಸರು ಮತ್ತೆ ಕೇಳಿ ಖುಷಿಯಾಗಿತ್ತು.

ಎರಡನೆಯ ದಿನ ಟೀ ಅಂಗಡಿಯಲ್ಲಿ ಅದೇ ಹೆಸರು ಚುಚ್ಚಿತು. ಅಂಗಡಿಯಾಕೆ ನಿನ್ನ ಹಳೆಯ ಪರಿಚಯ. ‘ಇವಳು ನನ್ ತಂಗಿ. ಇಂಗ್ಲಿಷ್ ಮೀಡಿಯಂ. ನಮ್ಮಕ್ಷರ ಮರ್ತಿದಾಳೋ ಏನೋ ಅಂತ ದಾರಿಯುದ್ದಕ್ಕೂ ಪರೀಕ್ಷೆ ಮಾಡ್ಕೊಂಡು ಬರ್ತಿದೀನಿ’ ಎಂದು ಆಕೆಗೆ ಹೇಳಿ, ಗೋಡೆಯ ಮೇಲೆ ಬರೆದಿದ್ದ ತಿಂಡಿಪಟ್ಟಿಯನ್ನು ನನ್ನಿಂದ ಓದಿಸಿದೆ. ನಾನು ಒಂದು ಒತ್ತಕ್ಷರದಲ್ಲಿ ತಡವರಿಸಿದೆ. ರಸ್ತೆ ರಿಪೇರಿಯ ನಾಲ್ಕು ಜನ ಬೆಂಚಿನ ಮೇಲೆ ಕೂತಿದ್ದರು, ನಕ್ಕರು. ನೀನೂ ನಕ್ಕೆ. ಆ ನಗುವಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಈಗ ಅದು ಗೊತ್ತು. ಆಗ ಮಾತ್ರ, ಇನ್ನು ಒಂದು ಬೋರ್ಡೂ ಓದುವುದಿಲ್ಲ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಮೂರನೆಯ ದಿನ ಆ ಕವಲಿನಲ್ಲಿ ನೀನು ಮತ್ತೆ ಕೇಳಿದೆ. ನಾನು ಏನೆಂದೆ ಎನ್ನುವುದು ನಿನಗೆ ನೆನಪಿದೆ. ನನಗೂ ಇದೆ.

‘ಯಾಕೆ, ನಿನಗೆ ಕಣ್ಣಿಲ್ವಾ?’

ನೀನು ಗೇರು ಬದಲಿಸಿ ನೇರ ಹೋದೆ. ನನ್ನ ಬಾಯಿಂದ ಕೂಗು ಹೊರಡುವ ಮೊದಲೇ ಎಡಗಡೆಯ ಮುಂದಿನ ಚಕ್ರ ಕಿತ್ತುಹೋದ ಅಂಚಿನಿಂದ ಆಚೆ ಇಳಿದು, ಕಾರು ಕಲ್ಲುಗುಡ್ಡೆಗೆ ಆತು ನಿಂತಿತ್ತು. ಆ ಗುಡ್ಡೆ ಅಲ್ಲಿಲ್ಲದಿದ್ದರೆ ಈ ಕಾಗದವೂ ಇಲ್ಲ. ಹಿಂದಿನ ದಿನ ನಕ್ಕಿದ್ದ ಅದೇ ನಾಲ್ಕು ಜನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರು. ನಾನು ಅವರ ಜೀಪು ಹತ್ತಿ, ಕೆಳಗಿನ ಊರಿಗೆ ಇಳಿದು, ಬಸ್ಸು ಹಿಡಿದು ಮನೆಗೆ ಬಂದೆ. ನಿನ್ನನ್ನು ಬೆಟ್ಟದ ಮೇಲೆ ಬಿಟ್ಟು ಬಂದೆ.

ಒಂದೇ ಪ್ರಶ್ನೆ. ಆ ಬೋರ್ಡು ನೀನೂ ನೋಡಿದ್ದೆಯಾ? ನೋಡಿಯೂ ಹಠಕ್ಕೆ ಹೋದೆಯಾ? ನಿಜ ಹೇಳು.

ತಂಗಿ

*

ಅಕ್ಟೋಬರ್ ೧೯

ಮೈಲಿಗಲ್ಲಿಗೆ,

ಕಾಗದ ಬಂತು. ಕಾಗುಣಿತ ಪರವಾಗಿಲ್ಲ.

ಬೋರ್ಡು ನಾನೂ ನೋಡ್ದೆ. ನೀನು ಬಾಯಿ ಬಿಡ್ತೀಯೋ ಇಲ್ವೋ ನೋಡೇ ಬಿಡೋಣ ಅಂತ ಮುಂದೆ ಹೋದೆ. ಸೇತುವೆ ಹತ್ರ ನಿಲ್ಲಿಸೋಣ ಅಂದ್ಕೊಂಡಿದ್ದೆ, ಅಂಚು ಅಷ್ಟು ಕಿತ್ತೋಗಿದೆ ಅಂತ ಗೊತ್ತಿರ್ಲಿಲ್ಲ. ತಪ್ಪು ನಂದು. ನಿನ್ನ ತಲೆಗೆ ಹಾಕ್ಕೋಬೇಡ.

ಕಾರು ಅಲ್ಲೇ ಕೆಳಗಿನೂರಿನ ಮೆಕ್ಯಾನಿಕ್‌ಗೆ ಮಾರಿ ಬಸ್ಸಲ್ಲಿ ಬಂದೆ. ಅದಕ್ಕೂ ವಯಸ್ಸಾಗಿತ್ತು.

ಘಾಟಿ ನೆತ್ತಿ ತನಕ ಹೋಗ್ಲೇ ಇಲ್ಲವಲ್ಲ ಅಂತ ಅದೊಂದೇ ಬೇಜಾರು. ಟೀ ಅಂಗಡಿ ಹಿಂದಿಂದ ಆರು ಬೆಟ್ಟ ಕಾಣುತ್ತೆ, ಏಳನೇದು ನೆತ್ತಿಯಿಂದ ಮಾತ್ರ ಅಂತ ಹೇಳಿದ್ನಲ್ಲ. ನವೆಂಬರ್ ಅರ್ಧದ ತನಕ ದಾರಿ ತೆರೆದಿರುತ್ತೆ. ಆಮೇಲೆ ಹಿಮ ಬಿದ್ದು ಮುಚ್ತಾರೆ. ನೀನು ರಜ ಹಾಕಿದ್ರೆ ಒಂದು ಬಾಡಿಗೆ ಕಾರು ಮಾಡ್ಕೊಂಡು, ಡ್ರೈವರನ್ನೂ ಇಟ್ಕೊಂಡು ಹೋಗ್ಬರಬಹುದು. ನಂಗೇನು ಓಡಿಸ್ಲೇಬೇಕು ಅಂತಿಲ್ಲ.

ಬರೋಕಾಗ್ದಿದ್ರೆ ಟೀ ಅಂಗಡಿ ಹಿಂದೆ ತೆಗೆದ ಫೋಟೋನಾದ್ರೂ ಕಳ್ಸು. ದೊಡ್ಡದಾಗಿ ಹಾಕ್ಸು.

ಅಣ್ಣ

*

ನವೆಂಬರ್ ೨

ಅಣ್ಣ,

ನಿಜ ಹೇಳು ಎಂದು ಕೇಳಿದವಳು ನಾನೇ. ಆದರೂ ಓದಿದ ಮೇಲೆ ಎರಡು ವಾರ ಬರೆಯಲಾಗಲಿಲ್ಲ.

ನಾನು ಸುಮ್ಮನಿದ್ದದ್ದು ತಪ್ಪು. ಆದರೆ ನನಗೆ ನಿನ್ನ ಮೇಲೆ ನಂಬಿಕೆಯಿತ್ತು. ನಾನು ಓದದಿದ್ದರೇನು, ನೀನು ಓದಿಕೊಳ್ಳುತ್ತೀಯ ಎಂದುಕೊಂಡಿದ್ದೆ. ನೀನೋ, ನೋಡಿಯೂ ಹೋದೆ. ತಂಗಿಯ ಬಾಯಿ ಬಿಡಿಸಲು.  ಅತ್ತಿಗೆ ಇದನ್ನು ಕೇಳಿದರೆ ಏನೆಂದುಕೊಳ್ಳುತ್ತಾರೋ.

ಮತ್ತೆ ಬರಲಾರೆ. ಲ್ಯಾಬಿನಲ್ಲಿ ಕೆಲಸ ತಲೆಯ ಮೇಲಿದೆ. ಮೂರು ಕ್ಲಿನಿಕ್ಕುಗಳ ಹಲ್ಲಿನ ಸೆಟ್ಟುಗಳು ತಿಂಗಳ ಕೊನೆಯೊಳಗೆ ಆಗಬೇಕು. ಕಿಟಕಿಯ ಕಟ್ಟೆಯ ಮೇಲೆ ಪ್ಲಾಸ್ಟರಿನ ಅಚ್ಚುಗಳು ಸಾಲಾಗಿ ಒಣಗುತ್ತಿವೆ. ಯಾರ‍್ಯಾರದೋ ಬಾಯಿಗಳು ನನ್ನನ್ನೇ ನೋಡಿ ನಗುತ್ತಿರುವಂತಿದೆ. ಇದು ನೆಪವೆಂದು ನಿನಗೆ ಅನ್ನಿಸಬಹುದು. ಅರ್ಧ ನೆಪವೇ.

ಇನ್ನೊಂದು. ನಿನ್ನ ಈ ಕಾಗದದಲ್ಲಿ ಹಾಳೆಗೆ ಹತ್ತು ಸಾಲು, ಒಂದೊಂದು ಅಕ್ಷರ ಹೆಬ್ಬೆರಳಷ್ಟು ದಪ್ಪ, ಸಾಲು ಬೇರೆ ಇಳಿಜಾರು. ಮೊದಲು ನಿನ್ನ ಕಾಗದ ಅಂಚಿನವರೆಗೂ ತುಂಬಿರುತ್ತಿತ್ತು, ಜಾಗ ಸಾಲದೆ ಪಕ್ಕದಲ್ಲಿ ಅಡ್ಡಡ್ಡ ಬರೆಯುತ್ತಿದ್ದೆ. ನನ್ನ ಜೊತೆ ಮಾತು ಅಷ್ಟು ಬೇಗ ಮುಗಿಸಬೇಕೆನಿಸುತ್ತದೆಯಾ?

ಕೇಳಿದ ಫೋಟೋ ಇಟ್ಟಿದ್ದೇನೆ. ದೊಡ್ಡದಾಗಿಯೇ ಹಾಕಿಸಿದ್ದೇನೆ.

ತಂಗಿ

*

ನವೆಂಬರ್ ೨೦

ಮೈಲಿಗಲ್ಲಿಗೆ,

ಫೋಟೋ ಬಂತು. ಎಷ್ಟು ಚೆನ್ನಾಗಿ ಬಂದಿದೆ. ಆರೂ ಇವೆ, ಎಣಿಸ್ದೆ. ಮೈತುಂಬ ಹಿಮ. ನಾವು ಹೋದಾಗ್ಲೇ ಹಿಮ ಬಿದ್ದಿತ್ತಾ? ಅವತ್ತು ನನ್ನ ಗಮನಕ್ಕೇ ಬರ್ಲಿಲ್ಲ ನೋಡು. ಮಧ್ಯದ ಎರಡು ಒಂದಕ್ಕೊಂದು ಆತ್ಕೊಂಡು ನಿಂತಿರೋದು ಮೊದಲಿನ ಹಾಗೇ ಇದೆ. ಮಂಚದೆದುರಿನ ಗೋಡೆಗೆ ಅಂಟಿಸಿದೀನಿ. ಬೆಳಗ್ಗೆ ಎದ್ದ ತಕ್ಷಣ ಅದೇ.

ನಿನ್ನ ಅತ್ತಿಗೆ ಮಗಳ ಬಾಣಂತನಕ್ಕೆ ಹೋಗಿದಾಳೆ. ಬರೋದು ಫೆಬ್ರವರಿ ಕೊನೆಗೆ. ಮನೇಲಿ ನಾನೊಬ್ನೇ. ಗಡಿಯಾರ ಮಾತಾಡುತ್ತೆ, ನಾನು ಕೇಳ್ತೀನಿ. ಎರಡು ದಿನದ ಮಟ್ಟಿಗೆ ಬಂದು ಹೋಗೋ ಹಾಗಿದ್ರೆ ಬಾ. ಬೆಟ್ಟಕ್ಕಲ್ಲ, ಸುಮ್ನೆ ಮನೆಗೆ. ಹೇಳೋದೂ ಒಂದಿದೆ. ಕಾಗದದಲ್ಲಿ ಬರ‍್ಯೋಕೆ ಬರಲ್ಲ.

ದಾರಿ ಮುಚ್ಚಿದ್ರಂತೆ. ಮುಂದಿನ ವರ್ಷ ನೋಡೋಣ. ನೋಡೋ ಹಾಗಿದ್ರೆ.

ಸಾಲು ಸೊಟ್ಟ ಅಂತ ಬೈಬೇಡ. ಟೇಬಲ್ ಸೊಟ್ಟ.

ಅಣ್ಣ

*

ಡಿಸೆಂಬರ್ ೪

(ಅಂಚೆ ಕಾರ್ಡು)

ಅಣ್ಣ,

ಕ್ಲಿನಿಕ್ಕಿನಿಂದ ಫೋನ್ ಬಂದ ಮೇಲೆ ಗೊತ್ತಾಯಿತು, ನಾನು ನಿನಗೆ ಕಳಿಸಿದ್ದು ಬೆಟ್ಟದ ಫೋಟೋ ಅಲ್ಲ, ಒಬ್ಬ ಮುದುಕರ ಕೆಳದವಡೆಯ ಅಚ್ಚಿನ ಫೋಟೋ. ಎರಡೂ ಒಂದೇ ಸ್ಟುಡಿಯೋದ ಒಂದೇ ಥರದ ಲಕೋಟೆಯಲ್ಲಿದ್ದವು. ನನ್ನ ತಪ್ಪು. ಆದರೆ ಅದಕ್ಕೆ ಹಿಮ, ಎಣಿಕೆ, ಮಂಚದೆದುರಿನ ಗೋಡೆ ಎಂದೆಲ್ಲ ಒಂದು ಪುಟ ಗೇಲಿ ಬೇಕಿರಲಿಲ್ಲ. ಟೀ ಅಂಗಡಿಯದೇ ಸಾಕಾಗಿತ್ತು. ನಿನ್ನ ತಮಾಷೆ ನಿನಗೇ ಇರಲಿ. ಮನೆಗೆ ಬರುವುದಿಲ್ಲ.

*

ಮಾರ್ಚ್ ೫

ಚಿಕ್ಕವಳಿಗೆ ನಿನ್ನ ಅತ್ತಿಗೆ ಮಾಡುವ ಆಶೀರ್ವಾದ.

ನಾನು ಕಾಗದ ಬರೆದು ಎಷ್ಟು ವರ್ಷ ಆಯ್ತೋ. ‘ಅವಳಿಗೆ ಬರೀಬೇಡ’ ಅಂತ ನಿಮ್ಮಣ್ಣ ಹೇಳಿದಾರೆ, ಅದಕ್ಕೇ ಬರೀತಿದೀನಿ. ಅವರು ಹೊರಗೆ ಬಿಸಿಲಲ್ಲಿ ಕೂತಿದಾರೆ.

ಮೊನ್ನೆ ಊರಿಂದ ಬಂದೆ. ಚೀಲ ಇಡೋಕೆ ರೂಮಿಗೆ ಹೋದ್ರೆ ಮಂಚದೆದುರಿಗೆ ಇಷ್ಟು ದೊಡ್ಡ ಹಲ್ಲಿನ ಫೋಟೋ. ನಂಗೆ ನಗು ತಡೀಲಿಲ್ಲ. ‘ಯಾರ ಹಲ್ರೀ ಇದು, ಹೆಂಡ್ತಿ ಇಲ್ಲ ಅಂತ ಇದನ್ನ ನೋಡ್ಕೊಂಡು ಮಲಗ್ತಿದ್ರಾ?’ ಅಂದೆ. ಅವರು ‘ಹಲ್ಲಲ್ಲ ಕಣೆ, ಬೆಟ್ಟ. ಮೈಲಿಗಲ್ಲು ಕಳ್ಸಿದ್ದು’ ಅಂದ್ರು. ನನ್ನ ನಗು ಅಲ್ಲೇ ನಿಂತೋಯ್ತು. ಗೋಡೆ ಹತ್ರ ಕೈ ಹಿಡ್ಕೊಂಡು ಹೋಗಿ ‘ಇದೇನು ಹೇಳಿ’ ಅಂದೆ. ಹೇಳೋಕಾಗ್ಲಿಲ್ಲ.

ಕಣ್ಣಿನ ಒತ್ತಡವಂತಮ್ಮ. ಒಳಗಿನ ನರ ಒಣಗೋ ಕಾಯಿಲೆ. ಹೋದ ವರ್ಷದ ಹಿಂದಿನ ವರ್ಷವೇ ಡಾಕ್ಟ್ರು ಹೇಳಿದಾರೆ, ಹೋದ ದೃಷ್ಟಿ ಮತ್ತೆ ಬರಲ್ಲ, ಉಳಿದಿರೋದನ್ನ ಕಾಪಾಡ್ಕೋಬೇಕು ಅಂತ. ಇವರು ಯಾರಿಗೂ ಹೇಳ್ಲಿಲ್ಲ, ಹನಿ ಔಷಧೀನೂ ಸರಿಯಾಗಿ ಹಾಕ್ಕೊಳ್ಲಿಲ್ಲ. ಮೂವತ್ತೈದು ವರ್ಷ ಸ್ಟೇರಿಂಗು ಹಿಡಿದೋರು, ಕಣ್ಣು ಹೋಯ್ತು ಅಂತ ಯಾವ ಬಾಯಲ್ಲಿ ಹೇಳೋದು. ಮನೇಲಿ ಎಲ್ಲ ಜಾಗ ಅಭ್ಯಾಸ, ನಂಗೂ ಗೊತ್ತಾಗ್ಲಿಲ್ಲ. ಲೋಟ ಬೀಳಿಸಿದ್ರೆ ನಾನೇ ಬೈತಿದ್ದೆ. ಚಳಿಗಾಲದಲ್ಲಿ ಪೂರ್ತಿ ಇಳಿದಿದೆ. ಈಗ ಬೆಳಕು, ನೆರಳು ಅಷ್ಟೇ.

ಪೂರ್ತಿ ಹೋಗೋದ್ರೊಳಗೆ ಆ ರಸ್ತೆ ಒಂದ್ಸಲ ನೋಡ್ಬೇಕು ಅಂತ ನಿನ್ನ ಕರ್ಕೊಂಡು ಹೋಗಿದ್ರಂತೆ. ‘ತಿರುವೆಲ್ಲ ನಂಗೆ ಬಾಯಿಪಾಠ. ಬೋರ್ಡಿಗೆ ಅವಳಿದ್ಲು’ ಅಂದ್ರು. ನಾನು ಬಿಡ್ಲಿಲ್ಲ. ಅವಳ ಪ್ರಾಣ ಹೋಗಿದ್ರೆ ಅಂದೆ. ‘ಅದನ್ನೇ ದಿನಾ ನೆನೆಸ್ಕೊಳ್ತೀನಿ’ ಅಂದ್ರು. ಮತ್ತೆ ಬೋರ್ಡು ನೋಡ್ದೆ ಅಂತ ಯಾಕ್ರೀ ಬರೆದ್ರಿ ಅಂದ್ರೆ, ‘ಕಾಣ್ಲಿಲ್ಲ ಅಂದ್ರೆ, ತಾನು ಆಡಿದ ಮಾತು ನೆನೆಸ್ಕೊಂಡು ಅವಳು ಜೀವನ ಪೂರ್ತಿ ಕೊರಗ್ತಾಳೆ. ಅಣ್ಣ ಹಠಮಾರಿ ಅಂದ್ಕೊಂಡ್ರೆ ಎರಡು ತಿಂಗಳು ಬೈದು ಮರೀತಾಳೆ’ ಅಂದ್ರು. ಏನು ಆಡಿದ್ದೆ ಅಂತ ನಾನು ಕೇಳ್ಲಿಲ್ಲ. ನೀನೂ ಹೇಳೋದು ಬೇಡ.

ನಿನ್ನ ಕಾರ್ಡು ಮೇಜಿನ ಡ್ರಾಯರಲ್ಲಿತ್ತು. ಭೂತಗನ್ನಡಿ ಇಟ್ಕೊಂಡ್ರೂ ಅವರಿಗೆ ಓದೋಕಾಗಿರ್ಲಿಲ್ಲ. ಪಕ್ಕದ ಮನೆಯವರ ಹತ್ರ ಓದಿಸೋಕೆ ಮಾನ. ಮೂರು ತಿಂಗಳು ಹಾಗೇ ಇಟ್ಕೊಂಡಿದ್ರು. ನನ್ನ ಕೈಗೆ ಕೊಟ್ಟು ‘ಏನ್ ಬರ್ದಿದಾಳೆ ಓದು’ ಅಂದ್ರು. ಓದ್ಕೊಂಡೆ. ಆಮೇಲೆ ‘ಕೆಲಸ ಜಾಸ್ತಿ, ಬೇಸಿಗೇಲಿ ಬರ್ತೀನಿ ಅಂದಿದಾಳೆ’ ಅಂದೆ. ಅವರು ‘ಹ್ಞೂ’ ಅಂದ್ರು, ಮುಖ ಅರಳ್ತು. ಕಾರ್ಡು ಒಲೆಗೆ ಹಾಕ್ದೆ.

ನಾನು ಸುಳ್ಳುಗಾತಿ ಆಗದ ಹಾಗೆ ನೋಡ್ಕೋ. ಬೇಸಿಗೆ ಬಂತು.

ಅತ್ತಿಗೆ

*

ಮಾರ್ಚ್ ೧೫

ಅಣ್ಣ,

ಈ ಕಾಗದವನ್ನು ಅತ್ತಿಗೆ ನಿನಗೆ ಓದಿ ಹೇಳುತ್ತಾರೆ. ಅತ್ತಿಗೆ, ಒಂದು ಸಾಲನ್ನೂ ಬಿಡಬೇಡಿ, ಬದಲಾಯಿಸಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಅಣ್ಣ, ನನಗೆ ಎಲ್ಲವನ್ನೂ ತಿಳಿಸಿದರೆಂದು ಅವರ ಮೇಲೆ ಸಿಟ್ಟಾಗಬೇಡ.

ಮೊದಲಿಗೆ ಕಾರ್ಡು. ಬೇಸಿಗೆಯಲ್ಲಿ ಬರುತ್ತೇನೆ ಎಂದು ನಾನು ಬರೆದಿರಲಿಲ್ಲ. ಅದು ಅತ್ತಿಗೆಯ ಒಳ್ಳೆಯತನ. ನೀನು ನನ್ನನ್ನು ಗೇಲಿ ಮಾಡುತ್ತಿದ್ದೀಯ, ನಿನ್ನ ತಮಾಷೆ ನಿನಗೇ ಇರಲಿ, ಮನೆಗೆ ಬರುವುದಿಲ್ಲ ಎಂದು ಬರೆದಿದ್ದೆ. ನೀನು ಹೇಳುವುದೊಂದಿದೆ ಬಾ ಎಂದು ಕರೆದ ಕಾಗದಕ್ಕೆ ಅದು ನನ್ನ ಉತ್ತರ. ನಿನಗೆ ತಿಳಿಯದೆಯೇ ಹೋಗಬಹುದಿತ್ತು. ಒಂದು ಬೋರ್ಡಿನ ವಿಷಯದಲ್ಲಿ ಸುಮ್ಮನಿದ್ದದ್ದು ಸಾಕು ಅನ್ನಿಸಿತು.

ಅತ್ತಿಗೆಯ ಕಾಗದ ಬಂದ ದಿನ ನಿನ್ನ ಎರಡೂ ಕಾಗದ ತೆಗೆದು ಲ್ಯಾಬಿನ ಮೇಜಿನ ಮೇಲೆ ಹರಡಿದೆ. ನನ್ನ ಕೆಲಸವೇ ಕಣ್ಣಿನದು. ಕೂದಲೆಳೆಯಷ್ಟು ವ್ಯತ್ಯಾಸವಾದರೆ ಹಲ್ಲಿನ ಸೆಟ್ಟು ಬಾಯಲ್ಲಿ ಕೂರುವುದಿಲ್ಲ, ಅದನ್ನು ದೀಪದಡಿ ಹಿಡಿದು ಕಂಡುಹಿಡಿಯುವವಳು ನಾನು. ನಿನ್ನ ಹಾಳೆಯನ್ನು ಅದೇ ದೀಪಕ್ಕೆ ಹಿಡಿದಾಗ ಮಡಿಕೆಗಳು ಕಂಡವು. ಸಾಲು ಸಿಗಲೆಂದು ಹಾಳೆಯನ್ನು ಹತ್ತು ಸಲ ಮಡಿಸಿ, ಮಡಿಕೆಯನ್ನು ಬೆರಳಲ್ಲಿ ತಡವಿಕೊಂಡು ಬರೆದಿದ್ದೀಯ. ಅಂಥ ಕಾಗದಕ್ಕೆ ನಾನು, ಮಾತು ಬೇಗ ಮುಗಿಸಬೇಕೆನಿಸುತ್ತದೆಯಾ ಎಂದು ಕೇಳಿದೆ.

ಕುರಿಮಂದೆಯನ್ನು ಗಂಟೆಯಿಂದ ಎಣಿಸಿದ್ದು, ಗಾಜು ಇಳಿಸಿ ನೀರಿಗೆ ಕೈ ಚಾಚಿದ್ದು, ಡ್ರೈವರನ್ನು ಇಟ್ಟುಕೊಳ್ಳೋಣ ಎಂದದ್ದು. ಎಲ್ಲವೂ ನನ್ನ ಮುಂದೆಯೇ ಇತ್ತು. ಟೀ ಅಂಗಡಿಯಲ್ಲಿ ತಿಂಡಿಪಟ್ಟಿ ಓದಿಸಿದ್ದು ಯಾಕೆಂದು ಈಗ ಯೋಚಿಸುತ್ತೇನೆ. ಪಟ್ಟಿ ನಿನಗೆ ಕಾಣುತ್ತಿರಲಿಲ್ಲ. ಅಂಗಡಿಯಾಕೆಯ ಮುಂದೆ ಅದನ್ನು ಮುಚ್ಚಿಕೊಳ್ಳಲು ನನ್ನ ಇಂಗ್ಲಿಷ್ ಮೀಡಿಯಮ್ಮನ್ನು ಅಡ್ಡ ಹಿಡಿದೆ. ಹೀಗೆಂದು ಊಹಿಸುತ್ತಿದ್ದೇನೆ. ಈ ಊಹೆಯೂ ತಪ್ಪಿರಬಹುದು. ನಿನ್ನ ವಿಷಯದಲ್ಲಿ ನನ್ನ ಊಹೆಗಳ ಯೋಗ್ಯತೆ ನನಗೆ ಗೊತ್ತಾಗಿದೆ.

ಇನ್ನೊಂದು ಮಾತನ್ನೂ ಬರೆಯಬೇಕು, ಬರೆಯದಿದ್ದರೆ ಇದು ಬರೀ ಅಳುವ ಕಾಗದವಾಗುತ್ತದೆ. ನೀನು ಓಡಿಸಬಾರದಿತ್ತು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ, ಪಕ್ಕದಲ್ಲಿ ನಾನು. ಏನೂ ಹೇಳದೆ ನನ್ನ ಬಾಯನ್ನು ನಿನ್ನ ಕಣ್ಣಾಗಿ ಇಟ್ಟುಕೊಂಡೆ. ಒಂದು ಮಾತು ಹೇಳಿದ್ದರೆ ಆರು ದಿನವೂ ಗಂಟಲು ಒಣಗುವ ತನಕ ಓದುತ್ತಿದ್ದೆ. ಹೇಳಿದ್ದರೆ ನಿನ್ನ ಕೈಗೆ ಸ್ಟೇರಿಂಗ್ ಕೊಡುತ್ತಿರಲಿಲ್ಲ ಎನ್ನುವುದೂ ನಿಜ. ಅದಕ್ಕೇ ಹೇಳಲಿಲ್ಲ, ಅಲ್ಲವಾ?

ನನ್ನ ಪಾಲಿನದು ಇದರಿಂದ ಕಡಿಮೆಯಾಗುವುದಿಲ್ಲ. ಆ ಕವಲಿನಿಂದ ನೆತ್ತಿಗೆ ನಲವತ್ತೊಂದು ಕಿಲೋಮೀಟರ್ ಎಂದು ಅಲ್ಲಿನ ಮೈಲಿಗಲ್ಲು ಹೇಳುತ್ತಿತ್ತು. ಅದನ್ನೂ ಓದಿದ್ದೆ, ಅದನ್ನೂ ಹೇಳಲಿಲ್ಲ. ಬಲಕ್ಕೆ ತಿರುಗಿದ್ದರೆ ಅದೇ ಮಧ್ಯಾಹ್ನ ನೀನು ಏಳನೆಯ ಬೆಟ್ಟದ ಎದುರು ನಿಂತಿರುತ್ತಿದ್ದೆ, ಇನ್ನೂ ಅಷ್ಟೋ ಇಷ್ಟೋ ದೃಷ್ಟಿ ಉಳಿದಿರುವಾಗ. ಅಕ್ಟೋಬರಿನಲ್ಲಿ ಕರೆದಾಗ ನಾನು ಬಂದಿದ್ದರೂ ನೀನು ಅಲ್ಲಿ ನಿಂತಿರುತ್ತಿದ್ದೆ. ಎರಡು ಸಲ ದಾರಿ ತೆರೆದಿತ್ತು, ಎರಡು ಸಲವೂ ನಾನು ಅಡ್ಡ ಬಂದೆ. ಅದರ ಬದಲಿಗೆ ನೀನು ಚಳಿಗಾಲವಿಡೀ ನೋಡಿದ್ದು ಪರಿಚಯವಿಲ್ಲದ ಒಬ್ಬ ಮುದುಕರ ಆರು ಹಲ್ಲು. ಆ ಫೋಟೋ ಕಂಡು ಅತ್ತಿಗೆ ನಕ್ಕ ಹಾಗೆ ನಾನೂ ನಗಲು ನೋಡಿದೆ. ನಗು ಬಂದದ್ದೂ ಹೌದು; ಪೂರ್ತಿಯಾಗಲಿಲ್ಲ.

ನೀನು ಕೇಳಿದ್ದ ಬೆಟ್ಟದ ಫೋಟೋ ಈಗ ನನ್ನ ಮುಂದಿದೆ. ಕಳಿಸುವುದರಲ್ಲಿ ಅರ್ಥವಿಲ್ಲ, ಓದುತ್ತೇನೆ. ಆರು ಬೆಟ್ಟ. ಹಿಮ ಇಲ್ಲ. ಮುಂದಿನದು ಹುಲ್ಲಿನ ಬಣ್ಣ, ಅದರ ಬೆನ್ನ ಮೇಲೆ ಮೋಡದ ನೆರಳೊಂದು ಬಿದ್ದಿದೆ. ಎರಡನೆಯದು ಒದ್ದೆ ಕಲ್ಲಿನ ಹಾಗೆ. ಮಧ್ಯದ ಎರಡು ಆತುಕೊಂಡೇ ನಿಂತಿವೆ, ನೀನು ಹೇಳಿದ್ದು ಸರಿ. ಐದನೆಯದು ನೀಲಿ. ಕೊನೆಯದು ಬೆಟ್ಟವೋ ಆಕಾಶವೋ ಎಂದು ತುಂಬ ಹೊತ್ತು ನೋಡಿದೆ, ಬೆಟ್ಟವೇ. ಕೆಳಗಿನ ಮೂಲೆಯಲ್ಲಿ ನಿನ್ನ ಭುಜ ಬಂದಿದೆ. ನೀನು ಬೆಟ್ಟದ ಕಡೆಗೆ ನೋಡುತ್ತಿಲ್ಲ, ನನ್ನ ಕಡೆಗೆ ತಿರುಗಿದ್ದೀಯ. ಏನು ಕಾಣುತ್ತಿದೆ ಎಂದು ನಾನು ಹೇಳಲಿ ಅಂತ ಕಾಯುತ್ತಿದ್ದೆಯೇನೋ. ನಾನು ಕ್ಯಾಮೆರಾ ಹಿಡಿದಿದ್ದೆ, ಏನೂ ಹೇಳಿರಲಿಲ್ಲ.

ದಾರಿ ಮೇ ಎರಡನೆಯ ವಾರ ತೆರೆಯುತ್ತಾರೆಂದು ರಸ್ತೆ ಕಚೇರಿಯವರನ್ನು ಕೇಳಿ ತಿಳಿದುಕೊಂಡೆ. ಡ್ರೈವರ್ ಸಮೇತ ಒಂದು ಕಾರು ಗೊತ್ತು ಮಾಡಿದ್ದೇನೆ. ನಾವಿಬ್ಬರೂ ಹಿಂದಿನ ಸೀಟು. ಸೇತುವೆ ಕಟ್ಟಿ ಆಗಿಲ್ಲವಂತೆ, ಆ ಬೋರ್ಡು ಇನ್ನೂ ಅಲ್ಲೇ ಇದೆಯಂತೆ. ಏಳನೆಯ ಬೆಟ್ಟವನ್ನು ನಾನು ಕಂಡಿಲ್ಲ. ನೀನು ಇಪ್ಪತ್ತಮೂರು ವರ್ಷ ಕಂಡಿದ್ದೀಯ. ನಾನು ಹೇಳಿದ್ದು ಅದಕ್ಕೆ ಹೊಂದದಿದ್ದರೆ ತಿದ್ದು. ನಿನಗೆ ಅದನ್ನು ತೋರಿಸುತ್ತೇನೆ ಎಂದು ನಾನು ಬರೆಯುವುದಿಲ್ಲ. ತೋರಿಸುವ ಕಾಲ ನನ್ನ ಕೈಯಲ್ಲಿತ್ತು, ಹೋಯಿತು.

ಬೇಡ ಎನ್ನಿಸಿದರೆ ಬೇಡವೆಂದು ಅತ್ತಿಗೆಯ ಕೈಯಲ್ಲಿ ಬರೆಸು. ಬೆಟ್ಟಕ್ಕೆ ಬೇಡವೆಂದರೂ ಮನೆಗೆ ಬರುತ್ತೇನೆ. ಅದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿಲ್ಲ.

ಇದನ್ನು ಈಗಲೇ ಅಂಚೆಗೆ ಹಾಕುವುದಿಲ್ಲ. ನನ್ನ ಸ್ವಭಾವ ನನಗೆ ಗೊತ್ತು. ನಾಳೆ ಓದಿದರೆ ಕಾರ್ಡಿನ ಸಾಲು ತೆಗೆಯಬೇಕೆನಿಸುತ್ತದೆ, ನಾಡಿದ್ದು ಬೋರ್ಡಿನ ಸಾಲು. ಆ ಆಸೆಯನ್ನು ಗೆದ್ದೇ ಇದನ್ನು ಕಳಿಸಬೇಕು, ಅದಕ್ಕೇ ಎರಡು ದಿನ ಮೇಜಿನ ಮೇಲೆ, ಆ ಅಚ್ಚುಗಳ ಪಕ್ಕ ತೆರೆದೇ ಇಟ್ಟಿರುತ್ತೇನೆ. ಒಂದಕ್ಷರವನ್ನೂ ತೆಗೆಯದೆ, ಮಾರ್ಚ್ ಹದಿನೆಂಟು, ಸೋಮವಾರ, ಬೆಳಗಿನ ಅಂಚೆಗೆ ಹಾಕುತ್ತೇನೆ.